ಇಲಿಯ ಸ್ನಾಯು ಎಳೆ ಗುರುತಿಸಲು ಯಾವ ವಿಧಾನ? ಹಾಸನ, ಚಿಕ್ಕಮಗಳೂರಿನ ಲ್ಯಾಬಿನವರಿಗೆ ಒಂದು ಹೋಲಿಕೆ

ಹಾಸನದಲ್ಲಿ ವೆಟರ್ನರಿ ಪಿಜಿ ಮಾಡುವವರಿರಲಿ, ಚಿಕ್ಕಮಗಳೂರಿನಲ್ಲಿ ಎಂ.ಎಸ್ಸಿ. ಮಾಡುವವರಿರಲಿ, ಇಲಿಯ ಸ್ನಾಯುವಿನ ಮೇಲೆ ಪ್ರಾಜೆಕ್ಟ್ ಹಿಡಿದವರು ಮೊದಲು ಕೇಳುವುದು ಒಂದೇ. "ಸರ್, ಎಟಿಪಿಯೇಸ್ ಸ್ಟೇನ್ ಸಾಕಾ, ಆಂಟಿಬಾಡಿ ತರಿಸಬೇಕಾ?" ಎಟಿಪಿಯೇಸ್ ಸ್ಟೇನ್ ಅಂದರೆ ಎಟಿಪಿ ಒಡೆಯುವ ಕಿಣ್ವದ ಕೆಲಸ ನೋಡುವ ಬಣ್ಣ, ಆಂಟಿಬಾಡಿ ಅಂದರೆ ಒಂದೊಂದು ಪ್ರೋಟೀನನ್ನೇ ಆರಿಸಿ ಹಿಡಿಯುವ ವಸ್ತು. ಕೇಳುವುದು ವಿಧಾನದ ಬಗ್ಗೆ, ತಲೆಯಲ್ಲಿರುವುದು ದುಡ್ಡು. ತಪ್ಪೇನಿಲ್ಲ. ಆದರೆ ಇದಕ್ಕೆ ಉತ್ತರ ಸಿಗುವುದು ಬೇರೆ ಎರಡು ಪ್ರಶ್ನೆಗಳಿಂದ: ಯಾವ ಸ್ನಾಯು ನೋಡುತ್ತಿದ್ದೀರಿ? ಆ ಎಳೆಯ ವೇಗ ಬೇಕೋ, ಅದು ಆಮ್ಲಜನಕ ಬಳಸುವ ಶಕ್ತಿ ಬೇಕೋ?

ಇಲ್ಲಿ ಇಲಿ ಅಂದರೆ ಮೌಸ್. ರ್ಯಾಟ್ ಅಲ್ಲ. ಇವೆರಡನ್ನೂ ಒಂದೇ ಅಂದುಕೊಂಡರೆ ಮುಂದೆ ಪೆಟ್ಟು ತಿನ್ನಬೇಕಾಗುತ್ತದೆ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಇಲಿಯ ಕಾಲಿನ ಸ್ನಾಯುವಿನಲ್ಲಿ ನಾಲ್ಕು ಬಗೆಯ ಎಳೆಗಳಿವೆ: ಟೈಪ್ 1, 2ಎ, 2ಎಕ್ಸ್, 2ಬಿ. ಈ ಹೆಸರು ಬಂದಿರುವುದು ಎಳೆಯನ್ನು ಸಂಕುಚಿಸುವ ಮಯೋಸಿನ್ ಪ್ರೋಟೀನಿನ ಭಾರದ ಸರಪಳಿಯಿಂದ. ಸಂಕುಚಿಸುವ ವೇಗದಲ್ಲಿ 1 ನಿಧಾನ, 2ಬಿ ಎಲ್ಲಕ್ಕಿಂತ ಚುರುಕು, ಮಿಕ್ಕವು ಇದೇ ಸಾಲಿನಲ್ಲಿ ನಡುವೆ. ಎರಡು ಬಗೆ ಮಯೋಸಿನ್ ಒಟ್ಟಿಗೇ ಇರುವ ಮಿಶ್ರ ಎಳೆಗಳೂ ಇವೆ. ಅವು ಅಕ್ಕಪಕ್ಕದ ಜೋಡಿಗಳಲ್ಲೇ ಜಾಸ್ತಿ ಸಿಗುತ್ತವೆ: 1 ಮತ್ತು 2ಎ, 2ಎ ಮತ್ತು 2ಎಕ್ಸ್, 2ಎಕ್ಸ್ ಮತ್ತು 2ಬಿ.

ಕೋಳಿ ಸಾರು ಮಾಡುವ ಮನೆಯಲ್ಲಿ ಬೆಳೆದವರಿಗೆ ತೊಡೆಯ ಮಾಂಸ ಕೆಂಪು, ಎದೆಯದು ಬಿಳಿ ಅಂತ ಗೊತ್ತೇ ಇರುತ್ತದೆ. ಅದನ್ನೇ ಹಿಡಿದು "ಕೆಂಪು ಅಂದರೆ ನಿಧಾನ, ಬಿಳಿ ಅಂದರೆ ವೇಗ" ಎಂದು ಪಠ್ಯಪುಸ್ತಕವೂ ಕಲಿಸಿಬಿಡುತ್ತದೆ. ಇಲಿಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾವನ್ನು ಅದರದ್ದೇ ಒಂದು ಕಿಣ್ವದ ಮೂಲಕ ಅಳೆಯುವ ಎಸ್‌ಡಿಎಚ್ ಸ್ಟೇನ್ ಹಾಕಿ ನೋಡಿ. ಅತಿ ಗಾಢವಾಗಿ ಕಾಣುವುದು ನಿಧಾನದ ಟೈಪ್ 1 ಅಲ್ಲ, ವೇಗದ ಬಣಕ್ಕೆ ಸೇರಿದ 2ಎ. ಮನುಷ್ಯರಲ್ಲಿ ಈ ಸಾಲು 1, 2ಎ, 2ಎಕ್ಸ್ ಎಂದು ಇಳಿಯುತ್ತದೆ. ಇಲಿಯಲ್ಲಿ 2ಎ ಮೇಲೆ, 2ಬಿ ತಳದಲ್ಲಿ, ಟೈಪ್ 1 ನಡುವೆ ಎಲ್ಲೋ. ಮನುಷ್ಯರ ಬಯಾಪ್ಸಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಇಲಿಯ ಸ್ಲೈಡ್ ಓದಿದವರು 2ಎ ಎಳೆಗಳನ್ನೆಲ್ಲ ಟೈಪ್ 1 ಎಂದು ಎಣಿಸುವ ಅಪಾಯ ಇರುವುದು ಇಲ್ಲೇ.

ಹಾಗಾಗಿ ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಇಲಿಯಲ್ಲಿ ಟೈಪ್ ಹೇಳಬೇಕಾದರೆ ಮಯೋಸಿನ್ ನೋಡಿಯೇ ಹೇಳಬೇಕು. ಎಸ್‌ಡಿಎಚ್ ಜೊತೆಗಿರಲಿ, ಆದರೆ ಮಯೋಸಿನ್ ಜಾಗಕ್ಕೆ ಅದು ಬರಬಾರದು.

ಮೊದಲು ಸ್ನಾಯು ಆರಿಸಿ

ಟೈಪ್ 1 ಬಗ್ಗೆ ಏನಾದರೂ ಹೇಳಬೇಕೆಂದಿದ್ದರೆ ಸೋಲಿಯಸ್ ಬಿಟ್ಟು ಬೇರೆ ಕಡೆ ಹೋಗಬೇಡಿ. ಮೀನಖಂಡದ ಒಳಗಿರುವ ಪುಟ್ಟ ಸ್ನಾಯು ಅದು, ತೂಕ ಸುಮಾರು 10 ಮಿಲಿಗ್ರಾಂ. ಇಲಿಯ ಸೋಲಿಯಸ್‌ನಲ್ಲಿ ಮೂರನೇ ಒಂದು ಭಾಗದ ಆಸುಪಾಸು ಟೈಪ್ 1, ಅರ್ಧದ ಹತ್ತಿರ 2ಎ, ಉಳಿದದ್ದರಲ್ಲಿ ಹೆಚ್ಚಿನದು 2ಎಕ್ಸ್. ತಳಿ, ವಯಸ್ಸು, ಗಂಡೋ ಹೆಣ್ಣೋ ಎಂಬುದರ ಮೇಲೆ ಈ ಪ್ರಮಾಣ ಏರುಪೇರಾಗುತ್ತದೆ. ರ್ಯಾಟ್ ಜೊತೆ ಪೆಟ್ಟು ತಿನ್ನುವ ಜಾಗ ಇದು. ರ್ಯಾಟ್‌ನ ಸೋಲಿಯಸ್ ಬಹುಪಾಲು ಟೈಪ್ 1 ಎಳೆಗಳಿಂದಲೇ ಆಗಿದೆ. ರ್ಯಾಟ್ ಪೇಪರ್ ಓದಿ ಇಲಿಯಲ್ಲೂ ಅಷ್ಟೇ ಬರಬೇಕು ಅಂತ ಕಾದರೆ, ಸ್ಟೇನ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಆಂಟಿಬಾಡಿ ಖರ್ಚು ಮಾಡುತ್ತಾ ಕೂರಬೇಕಾಗುತ್ತದೆ.

ಕಾಲಿನ ಮುಂಭಾಗದಲ್ಲಿ ಬೆರಳುಗಳನ್ನು ಮೇಲೆತ್ತುವ ಸ್ನಾಯು ಇಡಿಎಲ್ (ಎಕ್ಸ್ಟೆನ್ಸರ್ ಡಿಜಿಟೋರಮ್ ಲಾಂಗಸ್) ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಟೈಪ್ 1 ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, 2ಬಿ ಮತ್ತು 2ಎಕ್ಸ್ ತುಂಬಿಕೊಂಡಿರುತ್ತವೆ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಟಿಬಿಯಾಲಿಸ್ ಆಂಟೀರಿಯರ್ ಕೈಗೆ ಸುಲಭವಾಗಿ ಸಿಗುವುದರಿಂದ ಎಲ್ಲರೂ ಅದನ್ನೇ ತೆಗೆಯುತ್ತಾರೆ. ಆದರೆ ಅದರ ಹೊರಪದರದಲ್ಲಿ 2ಬಿ, ಒಳಗೆ ಮೂಳೆಯ ಕಡೆ 2ಎ ಮತ್ತು 2ಎಕ್ಸ್ ಇರುತ್ತವೆ. ಮೈಕ್ರೋಸ್ಕೋಪಿನಲ್ಲಿ ಯಾವುದೋ ಮೂರು ಜಾಗದ ಫೋಟೋ ತೆಗೆದು ಎಣಿಸಿದರೆ ಉತ್ತರ ಬರುವುದು ಕ್ಯಾಮೆರಾ ನಿಂತ ಜಾಗದಿಂದ, ಪ್ರಯೋಗದಿಂದ ಅಲ್ಲ. ಮೀನಖಂಡದ ದೊಡ್ಡ ಸ್ನಾಯು ಗ್ಯಾಸ್ಟ್ರೋಕ್ನೀಮಿಯಸ್ ಕಥೆಯೂ ಅದೇ. ಉಸಿರಾಟಕ್ಕೆ ಸಂಬಂಧಿಸಿದ ಕೆಲಸವಾದರೆ ವಪೆ (ಡಯಾಫ್ರಮ್) ತೆಗೆದುಕೊಳ್ಳಿ. ಅದರಲ್ಲಿ 2ಎ, 2ಎಕ್ಸ್ ಜಾಸ್ತಿ, ಸ್ವಲ್ಪ ಟೈಪ್ 1.

ಫ್ರೀಜಿಂಗ್ ಕೆಟ್ಟರೆ ಯಾವ ವಿಧಾನವೂ ಕಾಪಾಡುವುದಿಲ್ಲ

ಸೆಕ್ಷನ್, ಅಂದರೆ ತೆಳು ಸೀಳು, ಮಾಡುವ ಯಾವ ವಿಧಾನವಾದರೂ ಸ್ನಾಯುವನ್ನು ತಟಕ್ಕನೆ ಹೆಪ್ಪುಗಟ್ಟಿಸಬೇಕು. ನಿಧಾನವಾಗಿ ಹೆಪ್ಪುಗಟ್ಟಿದರೆ ಎಳೆಯೊಳಗೆ ಐಸ್ ಹರಳು ಬೆಳೆದು ಜಾಲರಿಯ ಹಾಗೆ ತೂತುಗಳಾಗುತ್ತವೆ. ದ್ರವ ನೈಟ್ರೋಜನ್ ಮೈನಸ್ 196 ಡಿಗ್ರಿ ಇರುತ್ತದೆ, ಅದಕ್ಕೇ ನೇರ ಅದ್ದಿದರಾಯಿತು ಅಂತ ಅನ್ನಿಸುವುದು ಸಹಜ. ಆದರೆ ಸ್ನಾಯು ಮುಟ್ಟಿದ ಕೂಡಲೇ ನೈಟ್ರೋಜನ್ ಕುದಿದು ಸುತ್ತಲೂ ಅನಿಲದ ಪದರ ಕಟ್ಟುತ್ತದೆ. ಆ ಪದರವೇ ತಂಪನ್ನು ತಡೆಯುತ್ತದೆ. ಅದಕ್ಕೇ ನಡುವೆ ಐಸೋಪೆಂಟೇನ್ ಬೇಕು. ಐಸೋಪೆಂಟೇನ್ ಇರುವ ಸ್ಟೀಲ್ ಬೀಕರನ್ನು ನೈಟ್ರೋಜನ್‌ನಲ್ಲಿ ಇಳಿಸಿ. ತಳದಲ್ಲಿ ಬಿಳಿ ಗಟ್ಟಿ ಕಾಣಿಸಿದಾಗ ಅದು ಮೈನಸ್ 160 ಡಿಗ್ರಿ ಹತ್ತಿರ ಬಂದಿರುತ್ತದೆ. ಆಗ ಸ್ನಾಯುವನ್ನು ಅದ್ದಿ, ಕೆಲವೇ ಸೆಕೆಂಡು ಸಾಕು. ಅದ್ದುವ ಮೊದಲು ಸ್ನಾಯುವಿನ ಮೇಲಿನ ಸಲೈನ್ ಹನಿಯನ್ನು ಒತ್ತಿ ತೆಗೆಯಬೇಕು. ಹರಳಿಗೆ ನೀರು ಕೊಡುವುದು ಆ ಹನಿಯೇ.

ನೈಟ್ರೋಜನ್ ಸಿಗುವುದು ನಮ್ಮ ಕಡೆ ಅಂಥ ಕಷ್ಟವಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ಸೆಮೆನ್ ಕಡ್ಡಿ ಇಡುವ ಕ್ಯಾನ್‌ನಲ್ಲಿರುವುದೂ ಇದೇ ದ್ರವ. ಹೈನುಗಾರಿಕೆಯ ಜಿಲ್ಲೆಯಲ್ಲಿ ಅದರ ಸರಬರಾಜು ಇದ್ದೇ ಇರುತ್ತದೆ. ವಿಭಾಗದಿಂದ ಅಧಿಕೃತ ಪತ್ರ ಬರೆಸಿ ಕೇಳಿ. ಐಸೋಪೆಂಟೇನ್ ತರಿಸುವುದೇ ತಲೆನೋವು. ಕೆಮಿಕಲ್ ಅಂಗಡಿಯವರು ಇಲ್ಲ ಅಂದರೆ 2-ಮೀಥೈಲ್ ಬ್ಯೂಟೇನ್ ಅಂತ ಕೇಳಿ ನೋಡಿ, ಎರಡೂ ಒಂದೇ. ಅದು ಕುದಿಯುವುದು 28 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಹಾಸನದ ರೂಮಿನಲ್ಲಿ ಬಾಟಲಿ ತೆರೆದರೆ ಏನಾಗುತ್ತದೆ ಯೋಚಿಸಿ. ಬೇಗ ಹೊತ್ತಿಕೊಳ್ಳುವ ವಸ್ತು ಬೇರೆ. ಮೊದಲು ಬಾಟಲಿಯನ್ನು ತಣ್ಣಗೆ ಮಾಡಿ, ಆವಿಯನ್ನು ಹೊರಗೆಳೆಯುವ ಹುಡ್ ಒಳಗೇ ತೆರೆಯಿರಿ, ಹತ್ತಿರ ಬರ್ನರ್ ಇರಬಾರದು.

ಹೆಪ್ಪುಗಟ್ಟಿದ್ದನ್ನು ತೆಳುವಾಗಿ ಕತ್ತರಿಸುವ ಯಂತ್ರ, ಕ್ರಯೋಸ್ಟ್ಯಾಟ್, ನಿಮ್ಮಲ್ಲಿ ಇಲ್ಲದಿದ್ದರೆ ಹೆಪ್ಪುಗಟ್ಟಿದ ಸ್ನಾಯುವನ್ನು ಡ್ರೈ ಐಸ್‌ನಲ್ಲಿ ಇಟ್ಟು ಮೈಸೂರಿಗೋ ಬೆಂಗಳೂರಿಗೋ ಒಯ್ದು, ಅಲ್ಲೇ 10 ಮೈಕ್ರಾನ್ ಸೆಕ್ಷನ್ ಕತ್ತರಿಸಿ, ಸ್ಲೈಡ್‌ಗಳನ್ನು ಡ್ರೈ ಐಸ್‌ನಲ್ಲೇ ವಾಪಸ್ ತರಬಹುದು. ಬೆಂಗಳೂರು ಹಾಸನದಿಂದ 180 ಕಿಲೋಮೀಟರ್ ಹತ್ತಿರ, ಒಂದೇ ದಿನದಲ್ಲಿ ಆಗುವ ಕೆಲಸ. ಆದರೆ ವಾಪಸ್ ತಂದ ಸ್ಲೈಡ್ ಡಬ್ಬಿಯನ್ನು ತಕ್ಷಣ ತೆರೆಯಬೇಡಿ. ಜುಲೈನಲ್ಲಿ ಮಲೆನಾಡಿನ ಗಾಳಿಯೇ ಅರ್ಧ ನೀರು. ತಣ್ಣನೆ ಗಾಜಿನ ಮೇಲೆ ಆ ತೇವ ಹನಿಗಟ್ಟಿ ಸೆಕ್ಷನ್ ನೆನೆದು ಹಾಳಾಗುತ್ತದೆ. ಡಬ್ಬಿ ಮುಚ್ಚಿದಂತೆಯೇ ರೂಮಿನ ಶಾಖಕ್ಕೆ ಬರಲಿ, ಆಮೇಲೆ ತೆರೆಯಿರಿ.

ಎಟಿಪಿಯೇಸ್: ಅಗ್ಗ, ಗಟ್ಟಿ, ಆದರೆ ಅರ್ಧ ಉತ್ತರ

1967ರಲ್ಲಿ ಮೈಕೇಲ್ ಬಾರಾನಿ ಮಯೋಸಿನ್ನಿನ ಎಟಿಪಿಯೇಸ್ ಚಟುವಟಿಕೆಗೂ ಸ್ನಾಯು ಸಂಕುಚಿಸುವ ವೇಗಕ್ಕೂ ನಂಟು ಇರುವುದನ್ನು ತೋರಿಸಿದರು. 1970ರಲ್ಲಿ ಬ್ರೂಕ್ ಮತ್ತು ಕೈಸರ್ ಬೇರೆ ಬೇರೆ ಪಿಎಚ್‌ನಲ್ಲಿ ಸೆಕ್ಷನ್ ನೆನೆಸಿ ಎಳೆಗಳನ್ನು ಬೇರೆ ಮಾಡುವ ಕ್ರಮವನ್ನು ಗಟ್ಟಿ ಮಾಡಿದರು. ಕ್ಷಾರದಲ್ಲಿ ನೆನೆಸಿದರೆ ಟೈಪ್ 2 ಕಪ್ಪು, ಟೈಪ್ 1 ತಿಳಿ. ಪಿಎಚ್ 4.3ರ ಸುತ್ತ ಆಮ್ಲದಲ್ಲಿ ನೆನೆಸಿದರೆ ಉಲ್ಟಾ. 4.6ರ ಹತ್ತಿರ ಟೈಪ್ 2 ಒಳಗೇ ಮೆಟ್ಟಿಲು ಕಾಣಿಸುತ್ತವೆ, 2ಎ ಅತಿ ತಿಳಿ. ಕಿಣ್ವ ಬಿಡುಗಡೆ ಮಾಡುವ ಫಾಸ್ಫೇಟನ್ನು ಕ್ಯಾಲ್ಸಿಯಂ ಹಿಡಿಯುತ್ತದೆ, ಅದರ ಜಾಗಕ್ಕೆ ಕೋಬಾಲ್ಟ್ ಬರುತ್ತದೆ, ಕೊನೆಗೆ ಅಮೋನಿಯಂ ಸಲ್ಫೈಡ್ ಹಾಕಿದಾಗ ಅದು ಕಪ್ಪಾಗುತ್ತದೆ. ಕೊಳೆತ ಮೊಟ್ಟೆ ವಾಸನೆ ಇಡೀ ಕಾರಿಡಾರಿಗೆ ಹರಡುತ್ತದೆ, ಹುಡ್ ಇಲ್ಲದೆ ಕೈ ಹಾಕಬೇಡಿ. ಕೋಬಾಲ್ಟ್ ಇರುವ ನೀರನ್ನು ಸಿಂಕಿಗೆ ಚೆಲ್ಲುವಂತಿಲ್ಲ.

ಅನುಕೂಲ ಏನು? ಮಾಮೂಲಿ ಮೈಕ್ರೋಸ್ಕೋಪ್ ಸಾಕು. ಕೆಮಿಕಲ್‌ಗಳು ಅಗ್ಗ. ಸ್ಲೈಡ್ ವರ್ಷಗಟ್ಟಲೆ ಬಣ್ಣ ಬಿಡದೆ ಉಳಿಯುತ್ತದೆ, ವೈವಾದಲ್ಲಿ ಎಕ್ಸಾಮಿನರ್ ಮುಂದೆ ಇಡಬಹುದು. ಪಿಎಚ್ ಮೀಟರ್ ಮಾತ್ರ ನಂಬಿಕಸ್ಥವಾಗಿರಬೇಕು. ಪಿಎಚ್‌ನ ಚಿಕ್ಕ ವ್ಯತ್ಯಾಸಕ್ಕೂ ಚಿತ್ರ ಬದಲಾಗುತ್ತದೆ, ಮನುಷ್ಯರಿಗೆ ಹೊಂದುವ ಪಿಎಚ್ ಇಲಿಗೆ ಹಾಗೇ ಹೊಂದುವುದಿಲ್ಲ. ಇಲಿಯಲ್ಲಿ ಇದರ ದೊಡ್ಡ ಕೊರತೆ ಅಂದರೆ 2ಎಕ್ಸ್ ಮತ್ತು 2ಬಿ ನಡುವಿನ ಗೆರೆ ಮಸುಕು. ಇಡಿಎಲ್ ತುಂಬ ಇರುವುದೇ ಇವೆರಡು! ಸೋಲಿಯಸ್‌ನಲ್ಲಿ ಟೈಪ್ 1 ಎಷ್ಟು ಬದಲಾಯಿತು ಎಂದಷ್ಟೇ ಕೇಳುವವರಿಗೆ ಎಟಿಪಿಯೇಸ್ ಈಗಲೂ ಧಾರಾಳವಾಗಿ ಸಾಕು. ಇಡಿಎಲ್‌ಗೆ ಇದನ್ನು ನಂಬಬೇಡಿ.

ಹಳೇ ಪೇಪರ್ ಓದುವಾಗಲೂ ಇದು ನೆನಪಿರಲಿ. ಇಟಲಿಯ ಸ್ಟೆಫಾನೊ ಸ್ಕಿಯಾಫಿನೊ ಅವರ ತಂಡ 2ಎಕ್ಸ್ ಮಯೋಸಿನ್ನನ್ನು ಆಂಟಿಬಾಡಿಗಳಿಂದ ಬೇರೆಯಾಗಿ ತೋರಿಸಿದ್ದು 1989ರಲ್ಲಿ. ಅದಕ್ಕೂ ಹಿಂದಿನ ಪೇಪರಿನಲ್ಲಿ "2ಬಿ" ಅಂತ ಇದ್ದರೆ ಅದರೊಳಗೆ 2ಎಕ್ಸ್ ಕೂಡ ಸೇರಿಕೊಂಡಿರಬಹುದು.

ಆಂಟಿಬಾಡಿ: ದುಡ್ಡಿದ್ದರೆ ಇದೇ

ಈಗ ಹೆಚ್ಚಿನವರು ಹಿಡಿಯುವ ದಾರಿ ಇದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿರುವ ಹೈಬ್ರಿಡೋಮಾ (ಆಂಟಿಬಾಡಿ ತಯಾರಿಸುವ ಕೋಶ) ಬ್ಯಾಂಕಿನಿಂದ ಸಿಗುವ ಮೂರು ಆಂಟಿಬಾಡಿಗಳನ್ನು ಒಂದೇ ಸೆಕ್ಷನ್ ಮೇಲೆ ಒಟ್ಟಿಗೆ ಹಾಕಬಹುದು. ಟೈಪ್ 1ಕ್ಕೆ ಬಿಎ-ಡಿ5, 2ಎಗೆ ಎಸ್‌ಸಿ-71, 2ಬಿಗೆ ಬಿಎಫ್-ಎಫ್3. ಮೂರೂ ಬೇರೆ ಬೇರೆ ಜಾತಿಯ ಇಮ್ಯುನೋಗ್ಲಾಬ್ಯುಲಿನ್: ಮೊದಲನೆಯದು ಐಜಿಜಿ2ಬಿ, ಎರಡನೆಯದು ಐಜಿಜಿ1, ಮೂರನೆಯದು ಐಜಿಎಂ. ಮಯೋಸಿನ್ ಹಿಡಿಯುವ ಇವು ಪ್ರೈಮರಿ. ಇವುಗಳಲ್ಲಿ ಆಯಾ ಜಾತಿಯನ್ನಷ್ಟೇ ಹಿಡಿದು ಬಣ್ಣ ಕೊಡುವ ಸೆಕೆಂಡರಿ ಆಂಟಿಬಾಡಿ ತಂದರೆ ಮೂರು ಬಣ್ಣ ಬೇರೆ ಬೇರೆ ಬರುತ್ತವೆ. ಆರ್ಡರ್ ಹಾಕುವಾಗ ಸುಮ್ಮನೆ "ಆಂಟಿ-ಮೌಸ್ ಐಜಿಜಿ" ಅಂತ ಬರೆದರೆ ಮುಗೀತು, ಎರಡು ಬಣ್ಣ ಕಲಸಿಹೋಗುತ್ತವೆ. ಕ್ಯಾಟಲಾಗಿನಲ್ಲಿ ಜಾತಿಯ ಹೆಸರು ಪೂರ್ತಿ ನೋಡಿ ಆಮೇಲೆ ಸಹಿ ಮಾಡಿಸಿ.

ನಾಲ್ಕನೆಯದು, ಅಂದರೆ 2ಎಕ್ಸ್, ಈ ಜೋಡಣೆಯಲ್ಲಿ ಬಣ್ಣವಿಲ್ಲದೆ ಕಪ್ಪಾಗಿ ಉಳಿಯುತ್ತದೆ. ನನಗೆ ಅತಿ ಕಿರಿಕಿರಿ ಅನ್ನಿಸುವುದು ಇದೇ. ಯಾವುದೂ ಹತ್ತಲಿಲ್ಲ, ಆದ್ದರಿಂದ ಇದು 2ಎಕ್ಸ್ ಎಂದು ಹೇಳಿದ ಹಾಗಾಯಿತು. ಬಿಎಫ್-ಎಫ್3 ಹಳೆಯದಾಗಿ ಸರಿಯಾಗಿ ಹಿಡಿಯದಿದ್ದರೆ 2ಬಿ ಎಳೆಗಳೂ ಕಪ್ಪಾಗಿ, ನಿಮ್ಮ ಔಷಧಿಯಿಂದ 2ಎಕ್ಸ್ ಹೆಚ್ಚಾಯಿತು ಎಂಬ ಸುಳ್ಳು ಫಲಿತಾಂಶ ಸಿಗುತ್ತದೆ. 2ಎಕ್ಸ್ ಹಿಡಿಯುವ 6ಎಚ್1 ಎಂಬ ಆಂಟಿಬಾಡಿ ಇದೆ. ಅದೂ ಐಜಿಎಂ, ಹಾಗಾಗಿ ಬಿಎಫ್-ಎಫ್3 ಜೊತೆ ಒಂದೇ ಸೆಕ್ಷನ್ ಮೇಲೆ ಬರುವುದಿಲ್ಲ. ಮುಂದಿನ ಸೆಕ್ಷನ್ ಮೇಲೆ ಅದನ್ನು ಹಾಕಿ ಎರಡನ್ನೂ ಜೋಡಿಸಿ ನೋಡಿ. ಎಲ್ಲ ಇಲಿಗಳಿಗೂ ಮಾಡಲಾಗದಿದ್ದರೆ ಪ್ರತಿ ಗುಂಪಿನಿಂದ ಕೆಲವಕ್ಕಾದರೂ ಮಾಡಿ. ಮಿಶ್ರ ಎಳೆಗಳು ಸರಿಯಾಗಿ ಸಿಗುವುದೂ ಹೀಗೆ ನೋಡಿದಾಗಲೇ.

ಇನ್ನೊಂದು ಗಂಟು ಇದೆ. ಈ ಆಂಟಿಬಾಡಿಗಳೆಲ್ಲ ಮೌಸ್‌ನಲ್ಲೇ ತಯಾರಾದವು, ನೀವು ನೋಡುತ್ತಿರುವುದೂ ಮೌಸ್ ಸ್ನಾಯು. ಸೆಕೆಂಡರಿಗೆ ಯಾರು ನೀವು ಹಾಕಿದವರು, ಯಾರು ಇಲಿಯ ರಕ್ತದಿಂದ ಬಂದವರು ಅಂತ ಗೊತ್ತಾಗುವುದಿಲ್ಲ. ಆರೋಗ್ಯವಾದ ಸ್ನಾಯುವಿನಲ್ಲಿ ಇದು ಎಳೆಗಳ ನಡುವಿನ ಜಾಗದಲ್ಲಿ ಮಂಕು ಹೊಳಪಾಗಿ ಕಾಣುತ್ತದೆ, ಅಷ್ಟು ತೊಂದರೆಯಿಲ್ಲ. ಗಾಯವಾದ ಸ್ನಾಯು, ಡಿಸ್ಟ್ರೋಫಿ (ಸ್ನಾಯು ಸವೆಯುವ ಕಾಯಿಲೆ) ಇರುವ ಇಲಿ ಆದರೆ ಸತ್ತ ಎಳೆಯೊಳಗೆ ಇಲಿಯ ಸ್ವಂತ ಆಂಟಿಬಾಡಿ ನುಗ್ಗಿ ಅದು ಪೂರ್ತಿ ಹೊಳೆಯುತ್ತದೆ. ಮೌಸ್ ಮೇಲೆ ಮೌಸ್ ಆಂಟಿಬಾಡಿ ಹಾಕುವವರಿಗೆಂದೇ ಬ್ಲಾಕಿಂಗ್ ಕಿಟ್ ಸಿಗುತ್ತದೆ, ಬಳಸಿ. ಅದಿದ್ದರೂ ಪ್ರೈಮರಿ ಹಾಕದ ಒಂದು ಸ್ಲೈಡ್ ಪ್ರತಿ ಸಲ ಜೊತೆಗಿರಲೇಬೇಕು.

ಇಲ್ಲಿ ಒಂದು ಸಣ್ಣ ಉಪಾಯ ಬಹಳ ಕೆಲಸ ಮಾಡುತ್ತದೆ. ಸೋಲಿಯಸ್ ಮತ್ತು ಇಡಿಎಲ್ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ ಒಂದೇ ಬ್ಲಾಕ್ ಮಾಡಿ. ಒಂದೇ ಸೆಕ್ಷನ್‌ನಲ್ಲಿ ಟೈಪ್ 1 ತುಂಬಿದ್ದೂ, ಅದಿಲ್ಲದ್ದೂ ಎರಡೂ ಇರುತ್ತವೆ. ಯಾವ ಆಂಟಿಬಾಡಿ ಕೈಕೊಟ್ಟಿತು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಎಳೆಯ ಅಂಚು ಕಾಣಲು ಎಳೆಯ ಸುತ್ತಲಿನ ಪೊರೆಯ ಪ್ರೋಟೀನಾದ ಲ್ಯಾಮಿನಿನ್ ಹಿಡಿಯುವ, ಮೊಲದಲ್ಲಿ ತಯಾರಾದ ಆಂಟಿಬಾಡಿ ಸೇರಿಸಬಹುದು, ನಿಮ್ಮ ಮೈಕ್ರೋಸ್ಕೋಪಿಗೆ ನಾಲ್ಕನೇ ಬಣ್ಣ ನೋಡುವ ಫಿಲ್ಟರ್ ಇದ್ದರೆ. ಅಂಚು ಚೆನ್ನಾಗಿದ್ದರೆ ಉಚಿತವಾಗಿ ಸಿಗುವ ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಎಳೆಯ ಅಳತೆಯೂ ಸಿಗುತ್ತದೆ.

ಖರ್ಚಿನಲ್ಲಿ ಪ್ರೈಮರಿಗಿಂತ ಸೆಕೆಂಡರಿಗಳು ಮತ್ತು ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಭಾರ. ಹೊಳಪು ಇಳಿಯುತ್ತಾ ಹೋಗುವುದರಿಂದ ಫೋಟೋಗಳನ್ನು ಬೇಗ ತೆಗೆದುಬಿಡಬೇಕು. ಪಾರ್ಸಲ್ ವಿಷಯ: ಐಸ್ ಪ್ಯಾಕ್ ಡಬ್ಬಿ ಶುಕ್ರವಾರ ಸಂಜೆ ಹೊರಟರೆ ಸೋಮವಾರದವರೆಗೆ ಯಾವುದೋ ಗೋಡೌನಿನಲ್ಲಿ ಕೂತಿರುತ್ತದೆ. ಸೋಮವಾರವೇ ಕಳಿಸಿ ಅಂತ ಬರವಣಿಗೆಯಲ್ಲಿ ಕೇಳಿ.

ಎಸ್‌ಡಿಎಚ್ ಯಾವಾಗ?

ನಿಮ್ಮ ಪ್ರಶ್ನೆ ಓಟ, ದಣಿವು, ಮೈಟೋಕಾಂಡ್ರಿಯಾ, ಸಕ್ಕರೆ ಕಾಯಿಲೆ ಇಂಥದ್ದಾದರೆ ಎಸ್‌ಡಿಎಚ್ ಬೇಕೇ ಬೇಕು. ಸ್ಟೇನ್ ಸುಲಭ. ಸಕ್ಸಿನೇಟ್ ಕೊಡುತ್ತೀರಿ, ಕಿಣ್ವ ಕೆಲಸ ಮಾಡಿದ ಕಡೆ ನೈಟ್ರೋ ಬ್ಲೂ ಟೆಟ್ರಾಜೋಲಿಯಂ ನೀಲಿ ಕಣವಾಗಿ ಕೂರುತ್ತದೆ. ಟೈಪ್ ನೋಡಿದ ಸೆಕ್ಷನ್ನಿನ ಪಕ್ಕದ್ದನ್ನೇ ಇದಕ್ಕೆ ಬಳಸಿದರೆ "2ಎ ಎಳೆಗಳು ಜಾಸ್ತಿಯಾಗಲಿಲ್ಲ, ಇದ್ದ 2ಬಿ ಎಳೆಗಳೇ ಹೆಚ್ಚು ಮೈಟೋಕಾಂಡ್ರಿಯಾ ಕಟ್ಟಿಕೊಂಡವು" ಎಂಬಂಥ ಮಾತು ಹೇಳಲು ಬರುತ್ತದೆ. ಒಂದೇ ಸ್ಟೇನ್ ನೋಡಿ ಇದನ್ನು ಹೇಳಲಾಗದು.

ಜೆಲ್ ಮತ್ತು ಪಿಸಿಆರ್

ಕ್ರಯೋಸ್ಟ್ಯಾಟ್ ಸಿಗದೇ ಇಲ್ಲ, ಐಸೋಪೆಂಟೇನ್ ಬರಲೇ ಇಲ್ಲ ಅಂದರೆ ಪ್ರೋಟೀನ್ ಜೆಲ್ ಯೋಚಿಸಿ. ಸ್ನಾಯುವನ್ನು ಅರೆದು, ಅದರ ಪ್ರೋಟೀನ್‌ಗಳನ್ನು ಜೆಲ್ ಒಳಗೆ ಕರೆಂಟಿನಿಂದ ಓಡಿಸಿ ಬೇರೆ ಬೇರೆ ಪಟ್ಟಿಗಳಾಗಿ ಮಾಡುವ ವಿಧಾನ ಇದು. ಸ್ನಾಯುವನ್ನು ಹೇಗಾದರೂ ಬೇಗ ತಣ್ಣಗೆ ಮಾಡಿದರೆ ಸಾಕು, ಐಸ್ ಹರಳಿನ ಚಿಂತೆಯಿಲ್ಲ. ಗ್ಲಿಸರಾಲ್ ಹಾಕಿದ ಜೆಲ್‌ನಲ್ಲಿ ತಣ್ಣನೆ ಜಾಗದಲ್ಲಿ ಇಡೀ ರಾತ್ರಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಓಡಿಸಬೇಕು. ಕರೆಂಟ್ ಹೋದರೆ ಕಥೆ ಮುಗೀತು, ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಶುರು ಮಾಡಬೇಡಿ. ಟೈಪ್ 1ರ ಪಟ್ಟಿ ಎಲ್ಲಕ್ಕಿಂತ ಕೆಳಗೆ ಓಡುತ್ತದೆ, ಅದರ ಮೇಲೆ 2ಬಿ. 2ಎ ಮತ್ತು 2ಎಕ್ಸ್ ಎರಡೂ ಮೇಲುಗಡೆ ಅಂಟಿಕೊಂಡಂತೆ ಇರುತ್ತವೆ, ಬೇರೆ ಮಾಡಲು ಕೈ ಪಳಗಬೇಕು. ಇನ್ನೊಂದು ಗಮನಿಸಿ: ಜೆಲ್ ಕೊಡುವುದು ಪ್ರೋಟೀನಿನ ಪಾಲು, ಎಳೆಗಳ ಸಂಖ್ಯೆ ಅಲ್ಲ. 2ಬಿ ಎಳೆಗಳು ದಪ್ಪ. ಹಾಗಾಗಿ ಎಣಿಕೆಯಲ್ಲಿ ಕಾಣುವುದಕ್ಕಿಂತ ಜೆಲ್‌ನಲ್ಲಿ ಅವುಗಳ ಪಾಲು ಜಾಸ್ತಿ ಬರುತ್ತದೆ. ಎರಡು ಪೇಪರ್‌ಗಳ ಶೇಕಡಾವಾರು ಹೊಂದುವುದಿಲ್ಲ ಅಂತ ಜಗಳವಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ಸಂದೇಶ ಆರ್‌ಎನ್‌ಎಯನ್ನು ಅಳೆಯುವುದು ಪಿಸಿಆರ್. ಅದರಲ್ಲಿ ನೋಡುವ ಜೀನ್‌ಗಳು ಎಂವೈಎಚ್7, 2, 1, 4. ಕ್ರಮವಾಗಿ ಟೈಪ್ 1, 2ಎ, 2ಎಕ್ಸ್, 2ಬಿಗೆ. ಸಂದೇಶ ಆರ್‌ಎನ್‌ಎ ಬೇಗ ಬದಲಾಗುತ್ತದೆ, ಪ್ರೋಟೀನ್ ನಿಧಾನವಾಗಿ. ಬದಲಾವಣೆ ಶುರುವಾಯಿತೇ ಎಂದು ಕೇಳಲು ಒಳ್ಳೆಯದು, ಎಳೆಯ ಟೈಪ್ ಬದಲಾಯಿತು ಎಂದು ಬರೆಯಲು ಸಾಲದು.

ಹಾಗಾದರೆ ಯಾರಿಗೆ ಯಾವುದು

ಆರು ತಿಂಗಳ ಡಿಸರ್ಟೇಶನ್, ಸೋಲಿಯಸ್ ಮಾತ್ರ, ದುಡ್ಡು ಕಡಿಮೆ: ಎಟಿಪಿಯೇಸ್ ಮತ್ತು ಎಸ್‌ಡಿಎಚ್, ಪಕ್ಕಪಕ್ಕದ ಸೆಕ್ಷನ್ ಮೇಲೆ. ಪಿಎಚ್‌.ಡಿ. ಮಾಡುವವರು, ಜರ್ನಲ್‌ಗೆ ಕಳಿಸುವವರು ಆಂಟಿಬಾಡಿಗೇ ಹೋಗಿ, ಅದಕ್ಕೆ ಜೆಲ್ ಅಥವಾ ಪಿಸಿಆರ್ ಜೊತೆ ಕೊಡಿ. ಸ್ನಾಯು ಈಗಾಗಲೇ ಫಾರ್ಮಲಿನ್‌ನಲ್ಲಿ ಬಿದ್ದು ಪ್ಯಾರಾಫಿನ್ ಬ್ಲಾಕ್ ಆಗಿಹೋಗಿದ್ದರೆ ಎಟಿಪಿಯೇಸ್, ಎಸ್‌ಡಿಎಚ್ ಎರಡೂ ಮರೆತುಬಿಡಿ, ಕಿಣ್ವಗಳು ಹೋಗಿರುತ್ತವೆ. ಪ್ಯಾರಾಫಿನ್‌ನಲ್ಲೂ ಕೆಲಸ ಮಾಡುವ ಆಂಟಿಬಾಡಿಗಳಿವೆ, ಅವುಗಳಿಂದ ನಿಧಾನ, ವೇಗ ಎಂದು ಎರಡು ಬಣ ಮಾಡಬಹುದು, ಅಷ್ಟೇ.

ವೆಟರ್ನರಿಯವರಿಗೆ ಒಂದು ಮಾತು. ಇಲಿಯಲ್ಲಿ ಕಲಿತ ಮೂರು ಆಂಟಿಬಾಡಿ ಜೋಡಣೆಯನ್ನು ಹಳ್ಳಿಕಾರ್, ಅಮೃತ್ ಮಹಲ್ ದನಗಳ ಸ್ನಾಯುವಿಗೆ ಹಾಗೇ ಒಯ್ಯುವ ಆಸೆ ಬರಬಹುದು. ಅಮೃತ್ ಮಹಲ್ ತಳಿ ಕೇಂದ್ರ ಇರುವ ಅಜ್ಜಂಪುರ ನಮ್ಮ ಪಕ್ಕದಲ್ಲೇ ಇದೆಯಲ್ವಾ. ಆದರೆ ದನದ ಕಾಲಿನ ಸ್ನಾಯುವಿನಲ್ಲಿ 2ಬಿ ಮಯೋಸಿನ್ ಸಾಮಾನ್ಯವಾಗಿ ಸಿಗುವುದಿಲ್ಲ, ಮನುಷ್ಯರ ಕೈಕಾಲಿನಲ್ಲೂ ಇಲ್ಲ. ಅಲ್ಲಿ ಬಿಎಫ್-ಎಫ್3 ಕೊಂಡರೆ ದುಡ್ಡು ದಂಡ. ಉಳಿದ ಆಂಟಿಬಾಡಿಗಳೂ ಪ್ರಾಣಿಯಿಂದ ಪ್ರಾಣಿಗೆ ಬೇರೆ ಥರ ಹಿಡಿಯುತ್ತವೆ. ಮನುಷ್ಯರಲ್ಲಿ ಎಸ್‌ಸಿ-71 2ಎಕ್ಸ್ ಎಳೆಗಳನ್ನೂ ಸ್ವಲ್ಪ ಹಿಡಿಯುತ್ತದೆ.

ಇಷ್ಟಕ್ಕೂ ಮೊದಲು ಕಾಗದದ ಕೆಲಸ. ಪ್ರಾಣಿಹಿಂಸೆ ತಡೆ ಕಾಯಿದೆ 1960ರದು. ಅದರಡಿ ಬರುವ, ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನಿಯಂತ್ರಿಸುವ ಕೇಂದ್ರ ಸಮಿತಿ ಸಿಸಿಎಸ್‌ಇಎಯ ನೋಂದಣಿ ಮತ್ತು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅರ್ಜಿಯಲ್ಲಿ ಎಷ್ಟು ಇಲಿ, ಏಕೆ ಅಷ್ಟು ಎಂದು ಬರೆಯಬೇಕು. ಎಡಗಾಲಿನದು ಸೆಕ್ಷನ್‌ಗೆ, ಬಲಗಾಲಿನದು ಜೆಲ್ ಅಥವಾ ಪಿಸಿಆರ್‌ಗೆ ಎಂದು ಮೊದಲೇ ಯೋಜಿಸಿದರೆ ಅರ್ಧ ಇಲಿಗಳಲ್ಲೇ ಕೆಲಸ ಆಗುತ್ತದೆ. ಬೇರೆಯವರ ಪ್ರಯೋಗ ಮುಗಿದ ಇಲಿಗಳ ಕಾಲು ಸಿಗುತ್ತದಾ ಅಂತಲೂ ವಿಚಾರಿಸಿ, ಫ್ರೀಜಿಂಗ್ ಕಲಿಯಲು ಅವು ಸಾಕು.

ಎಣಿಸುವ ಹೊತ್ತಿಗೆ ಸ್ನಾಯುವಿನ ನಡುಭಾಗದ ಸೆಕ್ಷನ್ನನ್ನೇ ತೆಗೆದುಕೊಳ್ಳಿ, ಸೋಲಿಯಸ್ ಮತ್ತು ಇಡಿಎಲ್ ಆದರೆ ಇಡೀ ಅಡ್ಡಸೀಳಿನ ಎಲ್ಲ ಎಳೆಗಳನ್ನೂ ಎಣಿಸಿ. ಸಾವಿರದ ಆಸುಪಾಸು ಇರುತ್ತವೆ, ಒಂದು ಮಧ್ಯಾಹ್ನ ಹಿಡಿಯಬಹುದು. ಯಾವ ಸ್ಲೈಡ್ ಯಾವ ಗುಂಪಿನದು ಎಂಬ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಎಣಿಕೆ ಮುಗಿದ ಮೇಲಷ್ಟೇ ವಾಪಸ್ ಇಸಿದುಕೊಳ್ಳಿ.